ಅಮೃತಶಿಲೆಗೂ ಹೊಗೆಯ ಕಾಟ



ಇವತ್ತು ತಾಜಮಹಲಿನ ಬಗ್ಗೆ ನಾಲ್ಕು ಮಾತು ಹೇಳ್ತೇನೆ. ಅದರ ಚಿತ್ರವನ್ನು ಕ್ಯಾಲೆಂಡರಿನಲ್ಲಿ ನೀವೆಲ್ಲ ನೋಡಿದ್ದೀರಿ. ಅದು ಇರುವುದು ಉತ್ತರ ಪ್ರದೇಶದ ಆಗ್ರಾದಲ್ಲಿ, ಯಮುನಾ ನದಿಯ ದಂಡೆಯ ಮೇಲೆ. ಮೊಗಲ್ ದೊರೆ ಷಹಜಹಾನ್ ತನ್ನ ಹೆಂಡತಿ ಮುಮ್ತಾಜಳ ನೆನಪಿಗೆ ಕಟ್ಟಿಸಿದ ಗೋರಿ ಅದು. ಕೆಲಸ ಶುರುವಾದದ್ದು 1632ರಲ್ಲಿ. ರಾಜಸ್ಥಾನದ ಮಕರಾನಾದಿಂದ ಬಿಳಿ ಅಮೃತಶಿಲೆ ತರಿಸಿದರು. ನಾವು ಮಾರ್ಬಲ್ ಅಂತೀವಲ್ಲ, ಅದೇ ಕಲ್ಲು.

ಇಷ್ಟು ಗಟ್ಟಿ ಕಲ್ಲಿಗೆ ಹೊಗೆ ಏನು ಮಾಡೀತು ಅಂತ ನೀವು ಕೇಳಬಹುದು. ಅಡುಗೆಮನೆಯ ಕಡಪ ಕಲ್ಲಿನ ಮೇಲೆ ನಿಂಬೆರಸ ಬಿದ್ದರೆ ಏನಾಗುತ್ತೆ? ಒರೆಸಿದರೂ ಮಚ್ಚೆ ಉಳಿಯುತ್ತೆ. ಅದು ಬರೀ ಕಲೆ ಅಲ್ಲ. ಹುಳಿ ಕಲ್ಲನ್ನೇ ಒಂಚೂರು ತಿಂದಿರುತ್ತೆ. ಕಡಪ ಕಲ್ಲು, ಅಮೃತಶಿಲೆ ಎರಡೂ ಸುಣ್ಣದ ಜಾತಿಯ ಕಲ್ಲುಗಳು. ಸುಣ್ಣಕ್ಕೂ ಹುಳಿಗೂ ಆಗಿಬರೋದಿಲ್ಲ.

ಕಲ್ಲಿದ್ದಲು ಉರಿದಾಗ ಗಂಧಕದ ಹೊಗೆ ಏಳುತ್ತೆ. ಅದು ಗಾಳಿಯ ತೇವದ ಜೊತೆ ಸೇರಿ ಆಮ್ಲ, ಅಂದರೆ ಕಟುವಾದ ಹುಳಿ ಆಗುತ್ತೆ. ಮಳೆಯಲ್ಲಿ, ಇಬ್ಬನಿಯಲ್ಲಿ ಕಲ್ಲಿನ ಮೇಲೆ ಇಳಿಯುತ್ತೆ. ಆಗ ಕಲ್ಲಿನ ಮೇಲ್ಪದರ ಜಿಪ್ಸಮ್ ಆಗುತ್ತೆ. ಜಿಪ್ಸಮ್ ಮೆತ್ತಗಿನ ಪದಾರ್ಥ. ಮಳೆಗೆ ಕರಗುತ್ತೆ, ಇಲ್ಲವೇ ಹಕ್ಕಳೆಯಾಗಿ ಉದುರುತ್ತೆ.

ವಕೀಲರಾದ ಎಂ. ಸಿ. ಮೆಹ್ತಾ ಅವರು 1984ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರಿನಲ್ಲಿ ತೀರ್ಪು ಬಂತು. 292 ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಗ್ಯಾಸ್ ಬಳಸಬೇಕು, ಇಲ್ಲವೇ ಬೇರೆ ಕಡೆ ಹೋಗಬೇಕು ಅಂತ ಕೋರ್ಟು ಹೇಳಿತು. ಅಲ್ಲಿ ದುಡಿಯುವವರ ಹಕ್ಕುಗಳನ್ನೂ ಕಾಪಾಡಬೇಕು ಅಂದಿತು.

ಆದರೆ ತಪ್ಪು ಕಾರ್ಖಾನೆಗಳದ್ದು ಮಾತ್ರ ಅಲ್ಲ. ಕಸ, ಬೆರಣಿ, ಸೌದೆ ಉರಿಸಿದ ಹೊಗೆಯ ಕಣಗಳೂ ಧೂಳೂ ಕೂತು ಬಿಳಿ ಕಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ ಅಂತ 2014ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಕೊಳೆ ತೆಗೆಯಲು ಕಲ್ಲಿಗೆ ಮುಲ್ತಾನಿ ಮಿಟ್ಟಿ ಮೆತ್ತುತ್ತಾರೆ. ಅದು ಒಣಗುವಾಗ ಕೊಳೆ ಹೀರಿಕೊಳ್ಳುತ್ತೆ. ಆಮೇಲೆ ನೀರಿನಿಂದ ತೊಳೆಯುತ್ತಾರೆ. ಆದರೆ ಸವೆದ ಕಲ್ಲು ಮತ್ತೆ ತುಂಬೋದಿಲ್ಲ. ನಮ್ಮ ಕೈ ತರಚಿದರೆ ಹೊಸ ಚರ್ಮ ಬರುತ್ತೆ. ಕಲ್ಲಿಗೆ ಎಲ್ಲಿಂದ ಬರಬೇಕು?

ಕಲ್ಲನ್ನೇ ಕೆಡಿಸುವ ಹೊಗೆ ನಮ್ಮ ಮಕ್ಕಳ ಎದೆಯೊಳಕ್ಕೂ ಹೋಗುತ್ತೆ. ಅದಕ್ಕೇ ಬೀದಿಯ ಕಸಕ್ಕೆ ಬೆಂಕಿ ಹಚ್ಚೋದನ್ನು ಬಿಡೋಣ. ತರಗೆಲೆ, ಹಸಿ ಕಸ ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತೆ. ಸುಟ್ಟರೆ ಬರೀ ಹೊಗೆ.