ನೀರುಬೂಷ್ಟು, ಲೋಹದ ಕಣ ಮತ್ತು ನಮ್ಮ ಕೆರೆಯ ಮೀನು



ಒಂದು ಸಣ್ಣ ಪ್ರಯೋಗದಿಂದ ಆರಂಭಿಸೋಣ. ನಿಮ್ಮೂರಿನ ಕೆರೆಯಿಂದಲೋ ಕೃಷಿಹೊಂಡದಿಂದಲೋ ಒಂದು ಬಟ್ಟಲು ನೀರು ತನ್ನಿ. ಸತ್ತ ನೊಣವೊಂದನ್ನು ಅದರಲ್ಲಿ ತೇಲಬಿಟ್ಟು ನೆರಳಿನಲ್ಲಿಡಿ. ನಾಲ್ಕೈದು ದಿನಗಳಲ್ಲಿ ನೊಣದ ಸುತ್ತ ಹಿಂಜಿದ ಹತ್ತಿಯಂಥ ಬಿಳಿಯ ಎಳೆಗಳು ಹರಡಿಕೊಳ್ಳುವುದನ್ನು ಬಹುಮಟ್ಟಿಗೆ ಕಾಣುವಿರಿ. ನೋಡಿದ ಮೇಲೆ ಕೈಯನ್ನು ಸೋಪು ಹಚ್ಚಿ ತೊಳೆಯುವುದನ್ನು ಮರೆಯಬೇಡಿ.

ಇದೇ ನೀರುಬೂಷ್ಟು. ಇದರ ಬಳಗದಲ್ಲಿ ಹೆಸರಾದದ್ದು ಸ್ಯಾಪ್ರೊಲೆಗ್ನಿಯ. ನೋಟಕ್ಕೆ ಇದು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ಅಣಬೆಗಿಂತ ಸಮುದ್ರದ ಕಂದು ಪಾಚಿಗೇ ಇದು ಹತ್ತಿರದ ನಂಟು. ಇದರ ಬೀಜಕಣಗಳಿಗೆ ಚಾಟಿಯಂಥ ಎರಡೆರಡು ಬಾಲಗಳಿದ್ದು, ಅವು ನೀರಿನಲ್ಲಿ ಈಜುತ್ತ ಆಹಾರವನ್ನು ಹುಡುಕಿಕೊಂಡು ಹೋಗುತ್ತವೆ. ಸತ್ತ ಹುಳು, ಕೊಳೆತ ಎಲೆಗಳನ್ನು ತಿಂದು ಕೆರೆಯನ್ನು ಚೊಕ್ಕಟಗೊಳಿಸುವುದು ಇದರ ನಿತ್ಯದ ಕೆಲಸ. ಆದರೆ ಬಲೆ ತಾಗಿ ಮೀನಿನ ಮೈ ತರಚಿದರೆ, ಚಳಿಗೆ ಮೀನಿನ ರೋಗನಿರೋಧಕ ಶಕ್ತಿ ಕುಗ್ಗಿದರೆ, ಇದೇ ಜಾಡಮಾಲಿ ಬೇಟೆಗಾರನಾಗುತ್ತದೆ. ಮೊಟ್ಟೆಗಳ ರಾಶಿಯಲ್ಲಿ ಒಂದು ಸತ್ತರೂ ಸಾಕು, ಅದರ ಮೇಲೆ ಬೆಳೆದ ಎಳೆಗಳು ಪಕ್ಕದ ಜೀವಂತ ಮೊಟ್ಟೆಗಳನ್ನೂ ಸುತ್ತಿಕೊಂಡು ಉಸಿರುಗಟ್ಟಿಸುತ್ತವೆ.

ಚಳ್ಳಕೆರೆ, ಮೊಳಕಾಲ್ಮೂರಿನಂಥ ಬಯಲುಸೀಮೆಯಲ್ಲಿ ಮೀನಿನ ಮಾತೇಕೆ ಎಂದು ನೀವು ಕೇಳಬಹುದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ. ಶೇಂಗಾ, ಕಂಬಳಿ ಮತ್ತು ರೇಷ್ಮೆ ಸೀರೆಗೆ ಹೆಸರಾದ ನಾಡು. ಆದರೂ ಚಳ್ಳಕೆರೆಯ ರಾಣಿಕೆರೆ, ಮೊಳಕಾಲ್ಮೂರಿನ ರಂಗಯ್ಯನದುರ್ಗ ಜಲಾಶಯದಂಥ ನೀರಿನ ತಾಣಗಳು ಇಲ್ಲಿವೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಬೇಸಾಯದ ಹೊಲಗಳಿಗೆ ಕೃಷಿಹೊಂಡಗಳೂ ಬಂದವು. ನೀರಿದ್ದಷ್ಟು ದಿನ ಅದರಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೀನುಗಳನ್ನು ಬೆಳೆಸಿದರೆ ರೈತರಿಗೆ ಇನ್ನೊಂದು ಆದಾಯ. ಆದರೆ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ದೂರದಿಂದ ಬರುವ ಮೀನುಮರಿಗಳು ದಾರಿಯಲ್ಲೇ ಬಳಲಿ, ಮೈ ತರಚಿಕೊಂಡಿರಬಹುದು. ಅವುಗಳಿಗಾಗಿ ನೀರುಬೂಷ್ಟು ಕಾದಿರುತ್ತದೆ.

ಇದಕ್ಕೆ ಮದ್ದಿಲ್ಲವೇ? ಬಲವಾದ ಮದ್ದೊಂದು ಇತ್ತು. ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣವನ್ನು 1930ರ ದಶಕದಿಂದ ಮೀನು ಸಾಕಣೆಯಲ್ಲಿ ಬಳಸುತ್ತಿದ್ದರು. ಇದು ರೇಷ್ಮೆ, ಉಣ್ಣೆ ಮತ್ತು ಚರ್ಮಕ್ಕೆ ಹಾಕುವ ಬಣ್ಣ. ಬೂಷ್ಟನ್ನು ಇದು ಚೆನ್ನಾಗಿಯೇ ಕೊಂದಿತು. ಆದರೆ ಮೀನಿನ ಮಾಂಸದಲ್ಲಿ ಇದರ ಅಂಶ ಬಹುಕಾಲ ಉಳಿಯುತ್ತದೆ, ತಿನ್ನುವವರ ಆರೋಗ್ಯಕ್ಕೆ ಅಪಾಯ ತರಬಹುದು ಎಂದು ಮುಂದೆ ತಿಳಿದುಬಂತು. ಅಮೆರಿಕ, ಯುರೋಪ್ ಒಕ್ಕೂಟ ಸೇರಿದಂತೆ ಅನೇಕ ಕಡೆ ಆಹಾರದ ಮೀನಿಗೆ ಇದನ್ನು ಬಳಸುವಂತಿಲ್ಲ. ಹೀಗೆ ಖಾಲಿಯಾದ ಜಾಗಕ್ಕೆ ವಿಜ್ಞಾನಿಗಳು ಪರೀಕ್ಷಿಸುತ್ತಿರುವ ಅಭ್ಯರ್ಥಿಗಳಲ್ಲಿ ಲೋಹದ ನ್ಯಾನೋಕಣಗಳೂ ಸೇರಿವೆ.

ಲೋಹಕ್ಕೂ ನೀರುಬೂಷ್ಟಿಗೂ ಇರುವ ಹಗೆ ಹೊಸದೇನಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲಕ್ಕೆ ಮುನ್ನ ಗೊನೆಗಳಿಗೆ ಔಷಧಿ ಹೊಡೆಯುವುದನ್ನು ನೀವು ಕಂಡಿರಬಹುದು. ಕೊಳೆರೋಗ ತರುವ ಫೈಟಾಫ್ತೊರ ಈ ನೀರುಬೂಷ್ಟಿನ ದಾಯಾದಿಯೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಕುರಿತು ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಇದಕ್ಕೆ ಬಳಸುವ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿರುವ ತಾಮ್ರವೇ ಅಲ್ಲಿ ಕಾವಲುಗಾರ.

ಹಾಗಾದರೆ ನ್ಯಾನೋಕಣದಲ್ಲಿ ಹೊಸದೇನು? ಗಾತ್ರ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಒಂದರಿಂದ 100 ನ್ಯಾನೋಮೀಟರ್ ಅಳತೆಯ ಕಣಗಳನ್ನು ನ್ಯಾನೋಕಣ ಎನ್ನುತ್ತಾರೆ. ಪ್ರತಿ ಬದಿಯೂ 1 ಸೆಂಟಿಮೀಟರ್ ಇರುವ ಬೆಳ್ಳಿಯ ಘನವೊಂದನ್ನು ಊಹಿಸಿಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಎಲ್ಲ ತುಣುಕುಗಳ ಮೇಲ್ಮೈ ಸೇರಿ 600 ಚದರ ಮೀಟರ್ ಆಗುತ್ತದೆ, ಅಂದರೆ ಮೂವತ್ತು ನಲವತ್ತರ ಐದು ಸೈಟುಗಳಿಗೂ ಹೆಚ್ಚು! ಲೆಕ್ಕವನ್ನು ನೀವೇ ಮಾಡಿ ನೋಡಿ. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. ಆದ್ದರಿಂದ ಚಿಟಿಕೆ ಲೋಹವೂ ದೊಡ್ಡ ಕೆಲಸ ಮಾಡಬಲ್ಲದು.

ಬೆಳ್ಳಿಯ ನ್ಯಾನೋಕಣವು ನೀರಿನಲ್ಲಿ ನಿಧಾನವಾಗಿ ಬೆಳ್ಳಿಯ ಅಯಾನುಗಳನ್ನು ಬಿಡುತ್ತದೆ. ಅವು ಜೀವಕೋಶದ ಗಂಧಕವುಳ್ಳ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತವೆ. ಕೋಶದ ಪೊರೆಯೂ ಹಾಳಾಗುತ್ತದೆ. ತಾಮ್ರ ಮತ್ತು ಸತುವಿನ ಆಕ್ಸೈಡಿನ ಕಣಗಳನ್ನೂ ಇದೇ ರೀತಿ ಪರೀಕ್ಷಿಸುತ್ತಿದ್ದಾರೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬೂಷ್ಟಿನ ಬೆಳವಣಿಗೆಯನ್ನು ಇಂಥ ಕಣಗಳು ತಡೆದದ್ದುಂಟು.

ಆದರೆ ಗಾಜಿನ ತಟ್ಟೆಯಲ್ಲಿ ಮೀನಿಲ್ಲ! ಬೂಷ್ಟಿನಲ್ಲಿರುವಂಥ ಗಂಧಕದ ಪ್ರೋಟೀನು ಮೀನಿನಲ್ಲೂ ಇದೆ. ಸಿಹಿನೀರಿನ ಮೀನು ತನ್ನ ಕಿವಿರುಗಳಿಂದ ನೀರಿನೊಳಗಿನ ಸೋಡಿಯಂ ಅನ್ನು ಎಳೆದುಕೊಂಡು ಬದುಕುತ್ತದೆ. ಬೆಳ್ಳಿಯ ಅಯಾನು ಅದನ್ನೇ ತಡೆಯುತ್ತದೆ. ಆದ್ದರಿಂದ 'ಬೂಷ್ಟು ಸತ್ತಿತೇ?' ಎಂಬುದು ಅರ್ಧ ಪ್ರಶ್ನೆ. 'ಬೂಷ್ಟು ಸಾಯುವ ಪ್ರಮಾಣಕ್ಕೂ ಮೀನು ನರಳುವ ಪ್ರಮಾಣಕ್ಕೂ ನಡುವೆ ಎಷ್ಟು ಅಂತರವಿದೆ?' ಎಂದು ಕೇಳಿದಾಗಲೇ ಪ್ರಶ್ನೆ ಪೂರ್ಣವಾಗುತ್ತದೆ.

ನಮ್ಮ ಬಯಲುಸೀಮೆಗೆ ಇನ್ನೂ ಒಂದು ಪ್ರಶ್ನೆಯಿದೆ: ಹಾಕಿದ ಲೋಹ ಎಲ್ಲಿಗೆ ಹೋಗುತ್ತದೆ? ತುಂಬಿ ಹರಿಯುವ ಹೊಳೆಯಾದರೆ ಅದು ಕೊಚ್ಚಿಕೊಂಡು ಹೋದೀತು. ಇಲ್ಲಿ ಕೋಡಿ ಬೀಳುವುದೇ ಅಪರೂಪ. ನೆರೆಯ ಹಿರಿಯೂರಿನ ವಾಣಿವಿಲಾಸ ಸಾಗರವೇ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಒಂದು ಲಕ್ಷ ಲೀಟರ್ ನೀರಿರುವ ಹೊಂಡಕ್ಕೆ 1 ಗ್ರಾಂ ಬೆಳ್ಳಿ ಹಾಕಿದಿರಿ ಎನ್ನೋಣ. ಲೀಟರಿಗೆ 10 ಮೈಕ್ರೋಗ್ರಾಂ ಆಯಿತು. ಬೇಸಿಗೆಯ ಬಿಸಿಲಿಗೆ ನೀರು ಕಾಲು ಭಾಗಕ್ಕೆ ಇಳಿಯುತ್ತದೆ. ನೀರು ಆವಿಯಾದೀತು, ಬೆಳ್ಳಿ ಆವಿಯಾಗದು. ಎಲ್ಲವೂ ನೀರಿನಲ್ಲೇ ಉಳಿದರೆ ಲೀಟರಿಗೆ 40 ಮೈಕ್ರೋಗ್ರಾಂ. ವಾಸ್ತವದಲ್ಲಿ ಅದರ ಬಹುಪಾಲು ಕೆಸರಿಗೆ ಅಂಟುತ್ತದೆ. ಬೇಸಿಗೆಯಲ್ಲಿ ಆ ಕೆರೆಯ ಗೋಡನ್ನು ನಾವು ಗಾಡಿ, ಟ್ರ್ಯಾಕ್ಟರುಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತೇವಲ್ಲವೇ? ಮೀನಿಗೆ ಹಾಕಿದ ಲೋಹ ಶೇಂಗಾ ಬೆಳೆಯುವ ಮಣ್ಣಿಗೆ, ಆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ತಲುಪುವ ದಾರಿ ಇದು.

ಹಾಗೆಂದು ಈ ವಿದ್ಯೆಯನ್ನೇ ತಳ್ಳಿಹಾಕಬೇಕಿಲ್ಲ. ಬಳಸುವ ಜಾಗವನ್ನು ಬದಲಿಸಬಹುದು. ಇರಾನಿನ ಸಂಶೋಧಕರು ಬೆಳ್ಳಿಯ ನ್ಯಾನೋಕಣ ಲೇಪಿಸಿದ ಜಿಯೋಲೈಟ್ ಎಂಬ ಖನಿಜದ ಮೂಲಕ ನೀರನ್ನು ಸೋಸಿ, ಆ ನೀರನ್ನು ಟ್ರೌಟ್ ಮೀನಿನ ಮೊಟ್ಟೆಗಳಿಗೆ ಹಾಯಿಸಿ ಪರೀಕ್ಷಿಸಿದ್ದಾರೆ. ಇಲ್ಲಿ ಲೋಹ ಶೋಧಕದಲ್ಲೇ ಉಳಿಯಬೇಕೆಂಬುದು ಉದ್ದೇಶ. ಅದರಿಂದ ಎಷ್ಟು ಬೆಳ್ಳಿ ಕಳಚಿಕೊಂಡು ಬರುತ್ತದೆಂದು ಅಳೆಯುವುದು ಅಗತ್ಯವಾದರೂ, ಮರಿ ಮಾಡಿಸುವ ಕೇಂದ್ರದ ತೊಟ್ಟಿಯಲ್ಲಿ ಹೀಗೆ ಹಿಡಿತದಲ್ಲಿಟ್ಟು ಬಳಸುವುದಕ್ಕೂ ತೆರೆದ ಕೆರೆಗೆ ಸುರಿಯುವುದಕ್ಕೂ ಅಜಗಜಾಂತರ.

ಅಲ್ಲಿಯವರೆಗೆ ರೈತರು ಮಾಡಬಹುದಾದದ್ದು ಸರಳ. ಮರಿಗಳನ್ನು ತಂದ ಕೂಡಲೇ ಸುರಿಯದೆ, ಚೀಲವನ್ನು ಹೊಂಡದಲ್ಲಿ ತೇಲಬಿಟ್ಟು ಎರಡೂ ನೀರಿನ ಬಿಸಿಯನ್ನು ಸಮ ಮಾಡಿಕೊಳ್ಳುವುದು. ಬಲೆಯನ್ನು ಹಗುರವಾಗಿ ಆಡಿಸುವುದು. ಸತ್ತ ಮೀನು, ಸತ್ತ ಮೊಟ್ಟೆಗಳನ್ನು ಆಗಿಂದಾಗ್ಗೆ ತೆಗೆಯುವುದು. ಮೀನುಗಾರಿಕೆ ಇಲಾಖೆಯವರು ಹೇಳಿದ ಪ್ರಮಾಣದ ಉಪ್ಪುನೀರಿನಲ್ಲಿ ಮರಿಗಳನ್ನು ಅದ್ದಿ ಬಿಡುವುದು. ಪೇಟೆಯಲ್ಲಿ 'ನ್ಯಾನೋ' ಎಂಬ ಚೀಟಿ ಅಂಟಿಸಿದ ಸೀಸೆ ಕಂಡಿತೆಂದು ಕೆರೆಗೆ ಸುರಿಯಬಾರದು.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಿಮ್ಮ ಮೇಷ್ಟರೋ ಮೇಡಮ್ಮೋ ಅಲ್ಲಿಗೆ ಹೋಗಿ ಬಂದಿದ್ದರೆ, ನೊಣದ ಬಟ್ಟಲನ್ನು ಅವರ ಮುಂದಿಡಿ. ಹೊಸ ಮದ್ದಿನ ಸುದ್ದಿ ಕೇಳಿದಾಗಲೆಲ್ಲ ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ: ರೋಗಾಣು ಸಾಯುತ್ತದೆಯೇ? ಮೀನು ಉಳಿಯುತ್ತದೆಯೇ? ಮದ್ದು ಕೊನೆಗೆ ಎಲ್ಲಿ ಸೇರುತ್ತದೆ? ಮೊದಲ ಎರಡಕ್ಕೆ ಪ್ರಯೋಗಾಲಯ ಉತ್ತರ ಹೇಳೀತು. ಮೂರನೆಯದಕ್ಕೆ ನಮ್ಮ ಕೆರೆಯ ನೀರನ್ನೂ ಗೋಡನ್ನೂ ಬಲ್ಲವರು ಬೇಕು. ಆ ವಿಜ್ಞಾನಿ ನಿಮ್ಮಲ್ಲೊಬ್ಬರು ಆಗಬಾರದೇಕೆ?