ಆಟವೇ ಕಸಬಾದಾಗ

ನಿಮ್ಮ ಮನೆಯ ಹುಡುಗ ಊಟಕ್ಕೆ ಕುಳಿತಾಗ ತಲೆ ತಗ್ಗಿಸಿಕೊಂಡು, "ನಾನು ವಿಡಿಯೋ ಗೇಮ್ ಆಡುವುದನ್ನೇ ಕಸಬು ಮಾಡಿಕೊಳ್ಳುತ್ತೇನೆ" ಎಂದರೆ ನೀವು ಏನು ಹೇಳುವಿರಿ? ಬೈಯುವುದು ಸುಲಭ. ನಕ್ಕುಬಿಡುವುದು ಇನ್ನೂ ಸುಲಭ. ಆದರೆ ಹೀಗೆ ಹೇಳುವ ಮಕ್ಕಳು ಈಗ ಬೆಂಗಳೂರು ಮೈಸೂರುಗಳಲ್ಲಿ ಮಾತ್ರವೇ ಇಲ್ಲ. ಮಳವಳ್ಳಿ ತಾಲ್ಲೂಕಿನ ನಮ್ಮ ಪೂರಿಗಾಲಿಯಂಥ ಊರಿನಲ್ಲಿಯೂ ಇದ್ದಾರೆ. ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿಕೊಂಡು ಬಂದ ನನ್ನಂಥವನಿಗೂ ಈ ಪ್ರಶ್ನೆ ಬಂದಿತು. ಮೇಷ್ಟ್ರಾದವನು ತಿಳಿಯದು ಎಂದು ಕೈಕೊಡವಿಕೊಳ್ಳುವಂತಿಲ್ಲ. ಆದುದರಿಂದ ಕೇಳಿ, ನೋಡಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ನಾವು ಒಂದು ಎಂದು ತಿಳಿದಿರುವ ಈ ಕಸಬು ವಾಸ್ತವವಾಗಿ ಎರಡು. ನಾಲ್ಕೈದು ಜನರ ತಂಡ ಕಟ್ಟಿಕೊಂಡು, ಪಂದ್ಯಾವಳಿಗೆ ಹೋಗಿ, ಗೆದ್ದು ಬಹುಮಾನ ತರುವವನು ಒಬ್ಬ. ಅವನ ಕ್ಷೇತ್ರಕ್ಕೆ ಇ-ಸ್ಪೋರ್ಟ್ಸ್ ಎಂದು ಹೆಸರು. ತನ್ನ ಕೋಣೆಯಲ್ಲಿ ಕುಳಿತು, ತಾನು ಆಡುವ ಆಟವನ್ನು ಯೂಟ್ಯೂಬಿನಲ್ಲಿಯೋ ಟ್ವಿಚ್ಚಿನಲ್ಲಿಯೋ ನೇರಪ್ರಸಾರ ಮಾಡುತ್ತ, ನಡುನಡುವೆ ಹರಟುತ್ತ, ನೋಡುವವರು ಬರೆದು ಕೇಳಿದ್ದಕ್ಕೆ ಉತ್ತರ ಹೇಳುತ್ತ ಹೋಗುವವನು ಇನ್ನೊಬ್ಬ; ಅವನನ್ನು ಸ್ಟ್ರೀಮರ್ ಎನ್ನುತ್ತಾರೆ. ಒಬ್ಬನೇ ಎರಡನ್ನೂ ಮಾಡುವುದುಂಟು. ಆದರೆ ಮೊದಲನೆಯವನು ಬದುಕುವುದು ಕೈಯಿಂದ, ಎರಡನೆಯವನು ಬದುಕುವುದು ಬಾಯಿಂದ. ಒಬ್ಬನಿಗೆ ಪೈಲ್ವಾನನ ಕಷ್ಟ. ಇನ್ನೊಬ್ಬನಿಗೆ ಹರಿಕಥೆ ಮಾಡುವ ದಾಸರ ಕಷ್ಟ.

ಹಿರಿಯರು ಕೇಳುವ ಮೊದಲ ಮಾತು, ಇದು ಜೂಜಲ್ಲವೆ ಎಂಬುದು. ಮನುಸ್ಮೃತಿಯಲ್ಲಿ ಪ್ರಾಣವಿಲ್ಲದ ವಸ್ತುಗಳಿಂದ ಆಡುವುದು ದ್ಯೂತ, ಪ್ರಾಣಿಗಳನ್ನು ಬಿಟ್ಟು ಆಡಿಸುವುದು ಸಮಾಹ್ವಯ ಎಂದು ಎರಡು ಹೆಸರುಗಳಿವೆ. ನಾನು ತಿಳಿದಂತೆ ಎರಡರಲ್ಲಿಯೂ ದೋಷವಿರುವುದು ಪಣದಲ್ಲಿ. ಧರ್ಮರಾಯನನ್ನು ಕೆಡಿಸಿದ್ದು ದಾಳವಲ್ಲ, ಒಡ್ಡಿದ ಪಣ. ಬರಿಯ ಆಟವನ್ನು ನಮ್ಮವರು ಎಂದೂ ಹೀನವಾಗಿ ಕಂಡಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ. ಇಂದಿನ ಕಾನೂನೂ ತಡವರಿಸಿಕೊಂಡು ಅದೇ ಜಾಗಕ್ಕೆ ಬಂದು ನಿಂತಿದೆ. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು, ಅವು ಜಾಣ್ಮೆಯ ಆಟಗಳಾದರೂ ಸರಿಯೆ, ನಿಷೇಧಿಸುವ ತಿದ್ದುಪಡಿಯನ್ನು ಕರ್ನಾಟಕ ಸರ್ಕಾರ 2021ರ ಅಕ್ಟೋಬರ್ 5ರಿಂದ ಜಾರಿಗೆ ತಂದಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಆ ವಿಧಿಗಳನ್ನು ರದ್ದುಪಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಇಲಾಖೆಯ ಕಕ್ಷೆಗೆ ಸೇರಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ, ಹಣವೊಡ್ಡುವ ಆನ್‌ಲೈನ್ ಆಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಅದರಿಂದ ಬೇರ್ಪಡಿಸಿ ಮಾನ್ಯ ಮಾಡಿತು. ಎಂದರೆ, ಸ್ಪರ್ಧೆಯಲ್ಲಿ ಗೆದ್ದವನಿಗೆ ಬಹುಮಾನ ಬರಬಹುದು. ಕೈಯಿಂದ ಹಣ ಹಾಕಿ ಅದಕ್ಕೆ ಹಣ ಹುಡುಕುವ ಆಟ ಸಲ್ಲದು. ನಿಮ್ಮ ಮಗ ಎರಡರಲ್ಲಿ ಯಾವುದರ ಮಾತಾಡುತ್ತಿದ್ದಾನೆ ಎಂಬುದನ್ನು ಮೊದಲು ಕೇಳಿ. ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಇನ್ನು ಪೈಲ್ವಾನನ ವಿಷಯ. ಮೈಸೂರಿನ ಗರಡಿಗಳನ್ನು ಕಂಡವರಿಗೆ ಸ್ಪರ್ಧೆಯ ಆಟಗಾರನ ಬಾಳು ಹೊಸದಾಗಿ ತೋರುವುದಿಲ್ಲ. ಚಿಕ್ಕ ವಯಸ್ಸಿಗೇ ಮಟ್ಟಿಗೆ ಇಳಿಯಬೇಕು, ದಿನವೂ ಒಂದೇ ಪಟ್ಟನ್ನು ನೂರು ಸಲ ಹಾಕಬೇಕು, ದಸರೆಯ ಕುಸ್ತಿಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳಬೇಕು, ಆಶ್ರಯ ಕೊಡುವವರು ಇರಬೇಕು. ಇಲ್ಲಿಯೂ ಹಾಗೆಯೇ. ತಂಡವನ್ನು ಸಾಕುವ ಸಂಸ್ಥೆ ಸಂಬಳ ಕೊಡುತ್ತದೆ. ಪಂದ್ಯ ಹತ್ತಿರ ಬಂದಾಗ ಎಲ್ಲರನ್ನೂ ಒಂದೇ ಮನೆಯಲ್ಲಿಟ್ಟು ತಾಲೀಮು ಮಾಡಿಸುತ್ತದೆ. ವ್ಯತ್ಯಾಸವೆಂದರೆ ವಯಸ್ಸು. ಇಲ್ಲಿ ಇಪ್ಪತ್ತೈದು ದಾಟಿದವನು ಹಿರಿಯ. ಕಣ್ಣು ಕಂಡದ್ದಕ್ಕೆ ಬೆರಳು ಉತ್ತರ ಕೊಡುವ ವೇಗದ ಮೇಲೆ ನಿಂತ ವಿದ್ಯೆ ಅದು.

ಹುಡುಗರು ವಾದಕ್ಕೆ ಎತ್ತಿಕೊಳ್ಳುವುದು ದಕ್ಷಿಣ ಕೊರಿಯದ ಲೀ ಸಾಂಗ್-ಹ್ಯೊಕ್‌ನನ್ನು. ಆಟದಲ್ಲಿ ಅವನ ಹೆಸರು ಫೇಕರ್. 1996ರಲ್ಲಿ ಹುಟ್ಟಿದವನು, ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು 2013ರಲ್ಲಿ ವೃತ್ತಿಗೆ ಇಳಿದ. ಅದೇ ವರ್ಷ 'ಲೀಗ್ ಆಫ್ ಲೆಜೆಂಡ್ಸ್' ಎಂಬ ಆಟದ ವಿಶ್ವಪದವಿಯನ್ನು ಅವನ ತಂಡ ಗೆದ್ದಿತು. ಮುಂದೆ 2015, 2016, 2023, 2024, 2025ರಲ್ಲಿಯೂ ಗೆದ್ದಿತು. "ನೋಡಿ ಸಾರ್, ಅವನೂ ಶಾಲೆ ಬಿಟ್ಟವನೇ" ಎಂದು ಒಬ್ಬ ಶಿಷ್ಯ ನನ್ನನ್ನೇ ಬಾಯಿ ಕಟ್ಟಿಸಿದ್ದ. ನಾನು ಅವನಿಗೆ ಹೇಳಿದ್ದಿಷ್ಟೆ: ಫೇಕರ್‌ನನ್ನು ಸಾಕಿದ್ದು ಅಲ್ಲಿನ ದೂರವಾಣಿ ಕಂಪನಿಯ ತಂಡ, ಅವನ ದೇಶದಲ್ಲಿ ಈ ಆಟವನ್ನು ದೂರದರ್ಶನದಲ್ಲಿ ತೋರಿಸುವ ರೂಢಿ ಅವನು ಎಳೆಯ ಮಗುವಾಗಿದ್ದಾಗಲೇ ಬೇರೂರಿತ್ತು. ನಮ್ಮಲ್ಲಿ ಆ ಮರ ಈಗ ಚಿಗುರುತ್ತಿದೆ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನಕ್ಕಷ್ಟೇ ಇತ್ತು. ಗುಜರಾತಿನ ಭುಜ್ ಊರಿನ ತೀರ್ಥ ಮೆಹ್ತಾ 'ಹಾರ್ತ್‌ಸ್ಟೋನ್' ಎಂಬ ಎಲೆಯಾಟದಲ್ಲಿ ಕಂಚು ಗೆದ್ದರು, ಆದರೆ ಅದು ಪದಕಪಟ್ಟಿಯ ಲೆಕ್ಕಕ್ಕೆ ಸೇರಲಿಲ್ಲ. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಅದು ಪದಕದ ಸ್ಪರ್ಧೆಯಾಯಿತು. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಚಿನ್ನ ಫೇಕರ್‌ನ ಕೊರಿಯಕ್ಕೆ. ನಮ್ಮ ತಂಡ ಕ್ವಾರ್ಟರ್ ಫೈನಲಿನಲ್ಲಿ ವಿಯೆಟ್ನಾಮಿಗೆ ಸೋತು ಹಿಂದಿರುಗಿತು.

ಎರಡನೆಯ ಕಸಬಿಗೆ ಬರೋಣ. ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಕುಳಿತು ಕಾಣದ ಜನರೊಡನೆ ಮಾತನಾಡುವುದನ್ನು ನೋಡಿ ಈಗಿನವರು ಬೆರಗಾಗುತ್ತಾರೆ. ರೇಡಿಯೋ ಇಟ್ಟುಕೊಂಡ ನಿಮಗೆ ಅದೇನು ಬೆರಗು? 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಿಂದ, 30 ವಾಟಿನ ಒಂದು ಪುಟ್ಟ ಯಂತ್ರವಿಟ್ಟುಕೊಂಡು, ಪ್ರಸಾರ ಆರಂಭಿಸಿದರಲ್ಲವೆ? ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಆ ಮನೆಯಲ್ಲಿ. ಆದರೆ ಗೋಪಾಲಸ್ವಾಮಿಯವರಿಗೆ ಸಂಬಳ ಕೊಡುವ ಕಾಲೇಜು ಒಂದಿತ್ತು; ಪ್ರಸಾರ ಅವರ ಹುಚ್ಚು, ಹೊಟ್ಟೆಪಾಡಲ್ಲ. ಇಂದಿನ ಸ್ಟ್ರೀಮರನಿಗೆ ಹುಚ್ಚೂ ಅದೇ, ಹೊಟ್ಟೆಪಾಡೂ ಅದೇ.

ಅವನಿಗೆ ಹಣ ಬರುವ ದಾರಿಗಳು ಮೂರು ನಾಲ್ಕು: ಜಾಹೀರಾತಿನಲ್ಲಿ ಪಾಲು, ನೋಡುವವರ ತಿಂಗಳ ಚಂದಾ, ಮೆಚ್ಚಿದವರ ಕಾಣಿಕೆ, ಸರಕು ಮಾರುವ ಕಂಪನಿಯ ಪ್ರಾಯೋಜನೆ. ಅಮೆರಿಕದ ಟೈಲರ್ ಬ್ಲೆವಿನ್ಸ್ ಎಂಬವನ ಕಥೆಯನ್ನು ಕೊಂಚ ಬಿಡಿಸಿ ಹೇಳುತ್ತೇನೆ. ಈ ಕಸಬಿನ ಸಿಹಿಕಹಿ ಎರಡೂ ಅದರಲ್ಲಿದೆ. 1991ರಲ್ಲಿ ಹುಟ್ಟಿದ ಅವನು 2009ರಿಂದ 'ಹೇಲೊ' ಎಂಬ ಆಟದ ಸ್ಪರ್ಧಿ. ನಿಂಜಾ ಎಂಬ ಹೆಸರಿನಲ್ಲಿ ನೇರಪ್ರಸಾರ ಆರಂಭಿಸಿ ವರ್ಷಗಟ್ಟಲೆ ಕುಳಿತ. 'ಫೋರ್ಟ್‌ನೈಟ್' ಎಂಬ ಹೊಸ ಆಟ ಬಂದಾಗ ಅದೃಷ್ಟ ಖುಲಾಯಿಸಿತು. 2018ರ ಮಾರ್ಚಿನಲ್ಲಿ ಡ್ರೇಕ್ ಎಂಬ ಪ್ರಸಿದ್ಧ ಗಾಯಕ ಜೊತೆಗೂಡಿ ಆಡಿದ ರಾತ್ರಿ ಏಕಕಾಲದಲ್ಲಿ 6 ಲಕ್ಷಕ್ಕೂ ಮೀರಿ ಜನ ನೋಡಿದರು. ಆ ಹೊತ್ತಿಗೆ ಅವನ ಚಂದಾದಾರರು ಲಕ್ಷ ಲೆಕ್ಕದಲ್ಲಿದ್ದರು. ಒಬ್ಬೊಬ್ಬರ ತಿಂಗಳ ಚಂದಾ ಸುಮಾರು 5 ಡಾಲರ್, ಅದರಲ್ಲಿ ವೇದಿಕೆಯವರಿಗೂ ಪಾಲು.

ಅದೇ ವರ್ಷ ಜೂನಿನಲ್ಲಿ ಒಂದು ಸಮಾರಂಭಕ್ಕೆಂದು ಎರಡು ದಿನ ಅವನು ಪ್ರಸಾರ ಮಾಡಲಿಲ್ಲ. ಆ ಎರಡು ದಿನದಲ್ಲಿ 40,000 ಚಂದಾದಾರರು ಕಳಚಿಕೊಂಡರೆಂದು ಅವನೇ ಹೇಳಿಕೊಂಡ. ಓದುಗರೆ, ಇಲ್ಲಿ ಸ್ವಲ್ಪ ನಿಲ್ಲಿ. ಕಬ್ಬು ಬೆಳೆದವನು ಎರಡು ದಿನ ನೆಂಟರ ಮನೆಗೆ ಹೋಗಿ ಬಂದರೆ ಕಬ್ಬು ಗದ್ದೆಯಲ್ಲಿಯೇ ಇರುತ್ತದೆ. ನಾನು ಜ್ವರ ಬಂದು ರಜ ಹಾಕಿದರೆ ತರಗತಿ ಎಲ್ಲಿಗೂ ಹೋಗದು. ಸ್ಟ್ರೀಮರ್ ಎದ್ದುಹೋದರೆ ಅವನ ಬೆಳೆ ಪಕ್ಕದ ಹೊಲಕ್ಕೆ ನಡೆದುಹೋಗುತ್ತದೆ. ನಮ್ಮ ಕಡೆ ರೇಷ್ಮೆ ಸಾಕುವವರಿಗೆ ಮಾತ್ರ ಇದು ಅರ್ಥವಾದೀತು; ಹುಳು ನಾಲ್ಕನೆಯ ಜ್ವರ ಕಳೆದು ಎದ್ದು ಮೇಯುವಾಗ ಮನೆಯಲ್ಲಿ ಮದುವೆಯಾದರೂ ಸೊಪ್ಪು ಹಾಕುವುದನ್ನು ಬಿಡುವಂತಿಲ್ಲ. ಆದರೆ ರೇಷ್ಮೆಗೆ ಗೂಡು ಕಟ್ಟುವ ದಿನವೊಂದಿದೆ. ಇದಕ್ಕೆ ಅದೂ ಇಲ್ಲ. 2019ರ ಆಗಸ್ಟಿನಲ್ಲಿ ನಿಂಜಾನನ್ನು ಮೈಕ್ರೋಸಾಫ್ಟಿನವರು ತಮ್ಮ ಮಿಕ್ಸರ್ ಎಂಬ ವೇದಿಕೆಗೆ ಕರೆದುಕೊಂಡರು. ವರ್ಷ ತುಂಬುವಷ್ಟರಲ್ಲಿ, 2020ರ ಜುಲೈಯಲ್ಲಿ, ಆ ವೇದಿಕೆಯನ್ನೇ ಮುಚ್ಚಿದರು. ಸೆಪ್ಟೆಂಬರಿನಲ್ಲಿ ಅವನು ಹಳೆಯ ಮನೆಗೆ ಮರಳಿದ. ಅವನಿಗೆ ಹೆಸರಿತ್ತು, ಮರಳಲು ಮನೆಯೂ ಇತ್ತು.

ನನ್ನ ಮನಸ್ಸಿನಲ್ಲಿ ಭಾರವಾಗಿ ಕೂತಿರುವ ಸಂಗತಿ ಇದೇ. ಕಬಡ್ಡಿಗೆ ಒಡೆಯನಿಲ್ಲ. ಚದುರಂಗಕ್ಕೆ ಒಡೆಯನಿಲ್ಲ. ಒಂದು ಸಂಘ ಮುಚ್ಚಿದರೆ ಇನ್ನೊಂದು ಊರಿನಲ್ಲಿ ಗೆರೆ ಎಳೆದು ಆಡಬಹುದು. ಈ ಆಟಗಳಿಗೆ ಒಡೆಯರುಂಟು. ಆಟ, ಅಖಾಡ, ನಿಯಮ, ನೋಡುವ ಗ್ಯಾಲರಿ ಎಲ್ಲವೂ ಕಂಪನಿಯ ಸ್ವತ್ತು. ಅವರು ನಿಲ್ಲಿಸಿದರೆ, ಅಥವಾ ಸರ್ಕಾರ ಅವರನ್ನು ನಿಲ್ಲಿಸಿದರೆ, ಹತ್ತು ವರ್ಷ ಕಲಿತ ಪಟ್ಟುಗಳು ಒಂದು ರಾತ್ರಿಯಲ್ಲಿ ನಿರುಪಯೋಗ.

ಇದು ಊಹೆಯ ಮಾತಲ್ಲ. 2020ರ ಸೆಪ್ಟೆಂಬರ್ 2ರಂದು, ಗಡಿಯಲ್ಲಿ ಗಾಲ್ವಾನಿನ ಘರ್ಷಣೆಯಾದ ವರ್ಷ, ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ನಮ್ಮ ಹುಡುಗರ ಉಸಿರಾಗಿದ್ದ ಪಬ್‌ಜಿ ಮೊಬೈಲ್ ಒಂದು. ಅದೇ ಆಟ ಬೇರೆ ಹೆಸರು ಹೊತ್ತು, ಬಿಜಿಎಂಐ ಆಗಿ, 2021ರ ಜುಲೈ 2ರಂದು ಬಂದಿತು. 2022ರ ಜನವರಿಯಲ್ಲಿ ಮುಗಿದ ಅದರ ಮೊದಲ ದೊಡ್ಡ ಪಂದ್ಯಾವಳಿಯ ಬಹುಮಾನ ಒಟ್ಟು 1 ಕೋಟಿ ರೂಪಾಯಿ. ಗೆದ್ದ ಸ್ಕೈಲೈಟ್ಜ್ ತಂಡಕ್ಕೆ 50 ಲಕ್ಷ. ಆರು ತಿಂಗಳು ಕಳೆಯಿತು. 2022ರ ಜುಲೈ 28ರಂದು ಆಟ ಮತ್ತೆ ಅಂಗಡಿಯಿಂದ ಮಾಯ. 2023ರ ಮೇ ತಿಂಗಳಲ್ಲಿ ಮರಳಿತು, ಈ ಸಲ ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಕಟ್ಟಳೆಯೊಂದಿಗೆ. ಸರ್ಕಾರ ಮಾಡಿದ್ದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ದೇಶದ ಕಾವಲು ಅವರ ಕೆಲಸ. ಆದರೆ ಮೂರು ವರ್ಷದಲ್ಲಿ ಎರಡು ಸಲ ಬಾಗಿಲು ಹಾಕಿಕೊಂಡ ಕಸಬು ಇದು ಎಂಬುದನ್ನು ತಂದೆತಾಯಿ ತಿಳಿದಿರಬೇಕು.

ಆ ಮೊದಲ ನಿಷೇಧದ ವಾರ ನಮ್ಮ ಶಾಲೆಯ ಹುಡುಗನೊಬ್ಬನ ತಂದೆ ನನ್ನ ಬಳಿಗೆ ಬಂದಿದ್ದರು. ಕಬ್ಬು, ಒಂದಿಷ್ಟು ಹಿಪ್ಪುನೇರಳೆ ಬೆಳೆಯುವ ಒಕ್ಕಲಿಗರು. ಶಾಲೆ ಮುಚ್ಚಿತ್ತು, ಆನ್‌ಲೈನ್ ಪಾಠಕ್ಕೆಂದು ಗೂಡು ಮಾರಿದ ದುಡ್ಡಿನಲ್ಲಿ ಫೋನು ಕೊಡಿಸಿದ್ದರು. "ಮೇಷ್ಟ್ರೇ, ಎರಡು ದಿವ್ಸದಿಂದ ಅನ್ನ ಮುಟ್ಟಿಲ್ಲ ಹೈದ. ಆಟ ನಿಲ್ಲಿಸ್ಬುಟ್ರಂತೆ. ಅದ್ರಲ್ಲೇ ಬದುಕ್ತೀನಿ ಅಂತಿದ್ದ. ಇದೂ ಒಂದು ಕಸುಬಾ ಮೇಷ್ಟ್ರೇ?" ಎಂದರು. ಹುಡುಗನನ್ನು ಕರೆಸಿ ಅವನು ಹಿಂದೆ ಮಾಡಿಟ್ಟಿದ್ದ ಒಂದು ಪ್ರಸಾರವನ್ನು ತೋರಿಸು ಎಂದೆ. ಗುಂಡಿನ ಸದ್ದು ನನಗೆ ಹಿಡಿಸಲಿಲ್ಲ. ಆದರೆ ಆ ಮಾತು! ಶತ್ರು ಬಂಡೆಯ ಹಿಂದಿನಿಂದ ಬರುವುದನ್ನು ಅಪ್ಪಟ ಮಳವಳ್ಳಿ ಕಡೆಯ ಕನ್ನಡದಲ್ಲಿ, ಒಂದು ಉಸಿರೂ ಎಡವದೆ, ವರ್ಣಿಸುತ್ತಿದ್ದ. ಮೂವತ್ತು ವರ್ಷ ಯುದ್ಧವರ್ಣನೆಯ ಪದ್ಯಗಳಿಗೆ ಅರ್ಥ ಹೇಳಿದವನು ನಾನು. ನನ್ನ ತರಗತಿಯಲ್ಲಿ ಆ ಹುಡುಗ ಮೂರು ವಾಕ್ಯ ಮಾತಾಡಿದ್ದನ್ನು ಕೇಳಿರಲಿಲ್ಲ.

ತಂದೆಗೆ ನಾನು ಹೇಳಿದ್ದು: ಇದು ಕಸುಬೇ ಹೌದಪ್ಪ. ಆದರೆ ಹೊಲವನ್ನು ಗುತ್ತಿಗೆಗೆ ಮಾಡಿದ ಹಾಗೆ. ನೆಲದೊಡೆಯ ಏಳು ಎಂದರೆ ಏಳಬೇಕು. ಬೇರೆ ಒಂದು ತುಂಡು ನೆಲ ಸ್ವಂತಕ್ಕೆ ಇರಲಿ. ಹುಡುಗ ಎಸ್‌ಎಸ್‌ಎಲ್‌ಸಿ ಮುಗಿಸಿದ, ಪಿಯುಸಿಗೆ ಸೇರಿದ. ಆಟ ಮರಳಿದಾಗ ಸಂಜೆ ಎರಡು ಗಂಟೆ ಪ್ರಸಾರ ಮಾಡಲು ತಂದೆ ಒಪ್ಪಿದರು. ಅವನಿಗೆ ಲೆಕ್ಕವನ್ನೂ ಹಾಕಿಕೊಟ್ಟೆ. ಯೂಟ್ಯೂಬಿನ ಜಾಹೀರಾತಿನಲ್ಲಿ ಪಾಲು ಸಿಗಬೇಕಾದರೆ 1,000 ಚಂದಾದಾರರು, ಹನ್ನೆರಡು ತಿಂಗಳೊಳಗೆ 4,000 ಗಂಟೆಗಳ ವೀಕ್ಷಣೆ ಬೇಕು. ದಿನವೂ 40 ಜನ ಎರಡೆರಡು ಗಂಟೆ ತಪ್ಪದೆ ನೋಡಿದರೆ 50 ದಿನ. 4 ಜನ ನೋಡಿದರೆ 500 ದಿನ, ಎಂದರೆ ವರ್ಷದ ಗಡುವು ಮೀರಿತು. ಒಂದು ನೋಟ್‌ಬುಕ್ಕಿನಲ್ಲಿ ತಿಂಗಳಿಗೊಂದು ಪುಟ ಬರೆದು ತೋರಿಸು ಎಂದೆ.

ಬರೆದ. ಮೊದಲ ಏಳು ಪುಟಗಳಲ್ಲಿ ಖರ್ಚಿನ ಕಡೆ ಡೇಟಾ ಪ್ಯಾಕಿನ ಹಣ, ಒಂದು ಸಲ ಕಿವಿಗೆ ಹಾಕುವ ಹೆಡ್‌ಫೋನ್. ಆದಾಯದ ಕಡೆ ಸೊನ್ನೆ. ಎಂಟನೆಯ ಪುಟದಲ್ಲಿ ಮಾತ್ರ 40 ರೂಪಾಯಿ, ದೂರದ ಮಸ್ಕತ್ತಿನಲ್ಲಿ ಕೆಲಸಕ್ಕಿರುವ ಯಾರೋ ಮದ್ದೂರಿನ ಕಡೆಯವರು ಊರಿನ ಸ್ನೇಹಿತನ ಮೂಲಕ ಕಳಿಸಿದ್ದು. ಯಾಕೆ ಕಳಿಸಿದರಂತೆ ಎಂದು ಕೇಳಿದೆ. "ಆಟಕ್ಕಲ್ಲ ಸಾರ್, ನಮ್ಮೂರ ಮಾತು ಕೇಳ್ದಂಗಾಯ್ತು ಅಂದ್ರು" ಎಂದ.