ಯೆಜ್ಡಿ ಕೊಟ್ಟು ರಾಜ್‌ದೂತ್

ಹುಮನಾಬಾದಿನ ಗೆಳೆಯರೊಬ್ಬರ ಬಳಿ ಅವರ ತಂದೆ ಓಡಿಸುತ್ತಿದ್ದ ಯೆಜ್ಡಿ ಇದೆ. ಬಸವಕಲ್ಯಾಣದವರೊಬ್ಬರು ಅದಕ್ಕೆ ಬದಲಾಗಿ ರಾಜ್‌ದೂತ್ 350 ಕೊಡಲು ಸಿದ್ಧ; ಮೇಲೆ ಒಂದಿಷ್ಟು ದುಡ್ಡು ಇವರು ಹಾಕಬೇಕು. ಕೊಡಲೋ ಬೇಡವೋ ಎಂದು ಇವರಿಗೆ ನಿದ್ದೆಯಿಲ್ಲ.

ಯೆಜ್ಡಿ ನಮ್ಮ ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿ 1996ರಲ್ಲಿ ಬಾಗಿಲು ಹಾಕಿತು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್! ಹೊಸಬರು ಹತ್ತಿದರೆ ಕಿಕ್ ಎಲ್ಲಿ ಎಂದು ಕಾಲಲ್ಲಿ ತಡಕಾಡುತ್ತಾರೆ. ರಾಜ್‌ದೂತ್ 350 ಯಮಹಾ ತಂತ್ರಜ್ಞಾನದ್ದು, 1983ರಿಂದ ಕೆಲವೇ ವರ್ಷ ತಯಾರಾಯಿತು. ಎರಡು ಸಿಲಿಂಡರ್, ಪೆಟ್ರೋಲ್ ಕುಡಿಯುತ್ತದೆಂದು ಆಗ ಜನ ಹಿಂಜರಿದರು. ಅದೇ ಈಗ ಅಪರೂಪದ ಮಾಲು.

ಬಸವಕಲ್ಯಾಣ ಎಂದೊಡನೆ ಬಸವಣ್ಣನ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹಿಂದಕ್ಕೆ ಹಾಕಿ ಬಾ ಎಂದವಳು. ಆದರೆ ಆಕೆಯನ್ನು ಇಲ್ಲಿಗೆ ಎಳೆದು ತರುವುದು ಅಷ್ಟು ಸರಿಯಲ್ಲ. ಗೆಳೆಯರು ಹೆಚ್ಚೇನೂ ಕೇಳುತ್ತಿಲ್ಲ, ಒಂದು ಗಾಡಿಗೆ ಒಂದು ಗಾಡಿ. ನನ್ನ ತಕರಾರು ಬೇರೆ. ಆ ರಾಜ್‌ದೂತನ್ನು ಅವರು ಇನ್ನೂ ಓಡಿಸಿಯೇ ನೋಡಿಲ್ಲ. ಎಲ್ಲೂ ಸಿಗುವುದಿಲ್ಲ ಎಂಬುದಷ್ಟೇ ಸೆಳೆತ. ಇತ್ತ ಯೆಜ್ಡಿಯ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಅವರ ತಾಯಿ ಈಗಲೂ ಚಹಾಕ್ಕೆ ಇಡುತ್ತಾರೆ.

ಮೊದಲು ಹೆದ್ದಾರಿಯಲ್ಲಿ ಒಂದಿಷ್ಟು ದೂರ ಓಡಿಸಿ, ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಯೊಂದಿಗೆ ತಾಳೆಯಾಗುತ್ತದೆಯೇ ನೋಡಿ, ಆಮೇಲೆ ಮಾತು ಕೊಡಿ ಎಂದೆ. ಭಾನುವಾರ ಕಲ್ಯಾಣಕ್ಕೆ ಹೊರಟಿದ್ದಾರೆ, ಯೆಜ್ಡಿಯ ಮೇಲೆಯೇ.